ಹಿಮ ನೋಡೋಕೆ ಬಂದವಳು

ಇದೇನಿದು? ನಾನು ಥಾಯ್‌ನಲ್ಲಿ ಅಷ್ಟುದ್ದ ಹೇಳಿದೆ, ನೀವು ಇವರ ಭಾಷೇಲಿ ಎರಡೇ ಮಾತಲ್ಲಿ ಮುಗಿಸಿಬಿಟ್ರಲ್ಲ! ಪೂರ್ತಿ ಹೇಳಿದ್ರಾ ಸಾಹೇಬ್ರಿಗೆ? ಹಿಮ ನೋಡೋಕೆ ಬಂದೆ ಅಂತ? ಐವತ್ತೆಂಟು ವರ್ಷ ಆದ್ರೂ ಫ್ರಿಜ್ಜಿನ ಒಳಗೆ ಬಿಟ್ರೆ ಇನ್ನೆಲ್ಲೂ ಹಿಮ ಕಂಡೋಳಲ್ಲ ಅಂತ? ಅದನ್ನೂ ಹೇಳಿ. ಅದು ಮುಖ್ಯ... ಹೇಳಿದ್ರಾ? ಮತ್ಯಾಕೆ ಅವರ ಮುಖ ಸ್ವಲ್ಪಾನೂ ಸಡಿಲ ಆಗ್ಲಿಲ್ಲ? ನಮ್ಮ ಬೀದೀಲಿ ಈ ಮಾತಿಗೆ ಎಲ್ಲರೂ ನಕ್ಕಿದ್ರು.

ಸರಿ. ಸರಿ ಸರಿ. ಕೇಳಿದ್ದಕ್ಕೆ ಮಾತ್ರ ಉತ್ತರ. ಆಯ್ತು. ನನಗೆ ಹೆದರಿಕೆ ಆದ್ರೆ ಬಾಯಿ ನಿಲ್ಲಲ್ಲ, ಅದೊಂದು ರೋಗ. ನಮ್ಮ ಯಜಮಾನ್ರು ಇದ್ದಾಗ ಹೇಳೋರು, "ತೋಂಗ್‌ಬೈ, ನಿನ್ನ ಬಾಯಿ ಒನಕೆಗಿಂತ ಜೋರು" ಅಂತ. ಹೆದರಿಕೆ ಅಂದ್ರೆ... ತಪ್ಪು ಮಾಡಿದ ಹೆದರಿಕೆ ಅಲ್ಲ! ಅದನ್ನ ಹಾಗೆ ಹೇಳ್ಬೇಡಿ. ಯಾರಿಗಾದ್ರೂ ಆಗಲ್ವಾ? ಪರದೇಶ, ಕಿಟಕಿ ಇಲ್ಲದ ರೂಮು, ಎದುರಿಗೆ ಯೂನಿಫಾರಂ...

ನನ್ನ ಜೊತೆ ಬಂದೋರೆಲ್ಲ ಆಚೆ ಹೋಗಿಬಿಟ್ರು, ಗೊತ್ತಾ ನಿಮಗೆ? ಇಡೀ ಟೂರು. ನಮ್ಮ ಗೈಡಮ್ಮ ಬಾವುಟ ಹಿಡ್ಕೊಂಡು ಆ ಸಾಲಿನ ಹತ್ರದ ಗಾಜಿನ ಗೋಡೆ ಆಚೆ ನಿಂತಿದ್ದಾರೆ. ಅವರ ಕಾಲ ಕೆಳಗೆ ಕೊರಿಯಾ ಇದೆ. ನನ್ನ ಕಾಲ ಕೆಳಗೆ ಇನ್ನೂ ಯಾವ ದೇಶಾನೂ ಇಲ್ಲ. ಸಾಲಲ್ಲಿ ನನ್ನ ಮುಂದಿದ್ದೋರಿಗೂ ಒಳಗೆ ಬಿಡೋ ಚೀಟಿ ಕೊಟ್ರು, ಹಿಂದಿದ್ದೋರಿಗೂ ಕೊಟ್ರು. ನನ್ನೊಬ್ಬಳಿಗೆ, ಈ ಕಡೆ ಬಾರಮ್ಮ.

ಏನಂತೆ? ಕೈಯಾ? ನನ್ನ ಕೈ ನೋಡ್ಬೇಕಾ?

ತಗೊಳ್ಳಿ. ನೋಡ್ಲಿ. ತಿರುಗಿಸ್ಬೇಕಾ? ತಗೊಳ್ಳಿ, ಹಿಂದೆ, ಮುಂದೆ. ಹೂಂ, ಗಂಟುಗಳಿವೆ. ಇರಲೇಬೇಕು. ಬಸ್ ನಿಲ್ದಾಣದ ಎದುರು ನನ್ನ ಅಂಗಡಿ, ಬೆಳಗಿಂದ ಸಂಜೆವರೆಗೂ ಒರಳಲ್ಲಿ ಹಸಿ ಪಪ್ಪಾಯಿ ಕುಟ್ಟೋಳು ನಾನು. ಕಲಾಸಿನ್ ಬಸ್ ನಿಲ್ದಾಣದಲ್ಲಿ ಇಳಿದು ತೋಂಗ್‌ಬೈ ಪಪ್ಪಾಯಿ ಎಲ್ಲಿ ಅಂದ್ರೆ ಕುರುಡನೂ ಕೈ ತೋರಿಸ್ತಾನೆ. ಈ ಗಂಟು ಒನಕೇದು. ಈ ಕಪ್ಪು ಕಲೆ ಮೆಣಸಿನಕಾಯೀದು, ಎಷ್ಟು ತೊಳೆದ್ರೂ ಹೋಗಲ್ಲ... ಕೈ ಒರಟಾಗಿದ್ರೆ ಕೂಲಿಗೆ ಬಂದೋಳು ಅಂತಾನಾ? ಒರಟು ಕೈಯೋರು ಹಿಮ ಮುಟ್ಟಬಾರ್ದಾ?

ಮೆತ್ತಗೆ ಹೇಳಿ ಇದನ್ನ. ಮೆತ್ತಗೆ. ಸಿಟ್ಟಲ್ಲಿ ಅಂದೆ ಅಂತ ಆಗಬಾರ್ದು.

ಈ ದಾರಗಳಾ? ಅಯ್ಯೋ, ಇವು ಏನೂ ಅಲ್ಲ. ಊರಿಂದ ಹೊರಡುವಾಗ ಬೀದಿಯ ಹಿರಿಯರು ಮಣಿಕಟ್ಟಿಗೆ ಕಟ್ಟಿದ್ದು. ಹೋದೋಳು ಸುಖವಾಗಿ ವಾಪಸ್ ಬರ್ಲಿ ಅಂತ. ವಾಪಸ್ ಬರ್ಲಿ ಅಂತ! ಅದನ್ನ ಒತ್ತಿ ಹೇಳಿ. ನಿಮಗೆ ಗೊತ್ತಿರಬೇಕಲ್ಲ ಈ ದಾರ... ಗೊತ್ತು. ಗೊತ್ತು ನಿಮಗೆ! ಈಗ ಅವರಿಗೆ ವಿವರಿಸೋವಾಗ ನಿಮ್ಮ ಬೆರಳು ನಿಮ್ಮ ಮಣಿಕಟ್ಟಿನ ಮೇಲೆ ಹೋಯ್ತು, ನಾನು ನೋಡಿದೆ. ಇನ್ನೊಂದು ಹೇಳ್ಲಾ? ನೀವು ಬ್ಯಾಂಕಾಕಿನ ಥಾಯ್ ಮಾತಾಡ್ತೀರ, ಟೀವೀಲಿ ಸುದ್ದಿ ಓದೋರ ಥರ, ಆದ್ರೆ "ಇಲ್ಲ" ಅನ್ನುವಾಗ ನಮ್ಮ ಕಡೆ ಎಳೆತ ಬಂದುಬಿಡುತ್ತೆ. ನಮ್ಮ ಈಸಾನ್ ಸೀಮೆಯೋರೇ ನೀವು! ಯಾವೂರು? ರೊಯೆತ್? ಯಸೋತೋನ್?

ಯಾಕೆ ನಗ್ತಿದ್ದೀರಿ? ಯಸೋತೋನ್ ಅಲ್ವಾ? ಅದೇ! ಅಯ್ಯಯ್ಯೋ, ಹೊಟ್ಟೆಗೆ ಹಾಲು ಹುಯ್ದ ಹಾಗಾಯ್ತು ನೋಡು. ನನಗಿಂತ ಚಿಕ್ಕೋಳು ನೀನು, ಇನ್ನು ತಂಗಿ ಅಂತೀನಿ, ಬೇಜಾರಿಲ್ಲ ತಾನೇ? ಇಲ್ಲಿನೋನ್ನ ಮದುವೆ ಆಗಿ ಬಂದ್ಯಾ? ಆಯ್ತು, ಆಯ್ತು, ಹಾಗೆ ಕಣ್ಣು ಬಿಡ್ಬೇಡ. ಸಾಹೇಬ್ರು ನೋಡ್ತಿದ್ದಾರೆ. ನೀನು ನನಗೆ ಯಾರೂ ಅಲ್ಲ. ನೀನು ಬರೀ ಅನುವಾದ ಮಾಡೋಳು. ಗೊತ್ತಾಯ್ತು.

ಏನಂತೆ ಈಗ?

ಕೊರಿಯಾದಲ್ಲಿ ನೆಂಟರು... ಇಲ್ಲ. ಯಾರೂ ಇಲ್ಲ. ಸ್ನೇಹಿತ್ರೂ ಇಲ್ಲ. ಬೆಳಿಗ್ಗೆ ಆ ಕೌಂಟರಿನ ಹುಡುಗಿನೂ ಇದನ್ನೇ ಕೇಳಿದ್ಲು. ಏನದು ಅವರು ಅನ್ನೋ ಪದ, ಕಾಜೊಕ್? ಮನೆಯೋರು ಅಂತಾನಾ? ಎರಡು ಸಲ ಕೇಳಿದ್ಮೇಲೆ ನನಗೂ ಬಾಯಿಪಾಠ ಆಯ್ತು. ಕಾಜೊಕ್ ಇಲ್ಲ. ಇಲ್ಲ ಅಂದ್ರೆ ಇಲ್ಲ.

ಮಕ್ಕಳು? ಇದ್ದಾಳೆ, ಒಬ್ಬಳೇ ಮಗಳು. ಕುಂಗ್. ಹುಟ್ಟಿದಾಗ ಕೆಂಪಗೆ, ಸುರುಟಿಕೊಂಡು, ಸೀಗಡಿ ಥರ ಇದ್ಲು. ಅದಕ್ಕೇ ಆ ಹೆಸರು. ಬ್ಯಾಂಕಾಕಲ್ಲಿ ಬಟ್ಟೆ ಅಂಗಡೀಲಿದ್ದಾಳೆ. ಯಾವ ಅಂಗಡಿ ಅಂದ್ರೆ... ಹೆಸರು ನನಗೆಲ್ಲಿ ನೆನಪಿರುತ್ತೆ? ದೊಡ್ಡ ಅಂಗಡಿ. ಮಗಳು ಅಲ್ಲಿ ಚೆನ್ನಾಗಿದ್ದಾಳೆ ಅಂತ ಹೇಳು, ಸಾಕು.

ನೋಡು ತಂಗಿ, ಅವರ ಅನುಮಾನ ನನಗೆ ಅರ್ಥ ಆಗಲ್ಲ ಅಂತಲ್ಲ. ನಮ್ಮ ಕಡೆ ಪ್ರತಿ ಬೀದೀಲೂ ಒಂದು ಮನೆಯೋರು ಹೀಗೇ ಟೂರು ಅಂತ ಬಂದು ಇಲ್ಲೇ ಉಳ್ಕೊಂಡಿದ್ದಾರೆ. ಪುಟ್ಟ ದೆವ್ವಗಳು ಅಂತೀವಿ ಅವರನ್ನ, ಅಲ್ವಾ? ಇದ್ದಾರೆ, ಆದ್ರೆ ಯಾರಿಗೂ ಕಾಣಬಾರ್ದು. ಹಗಲು ಹೊಲದಲ್ಲಿ ದುಡೀಬೇಕು, ಪೊಲೀಸು ಕಂಡ್ರೆ ಗೋಡೇಲಿ ಕರಗಬೇಕು. ಅವರಿಂದಾನೇ ನಮ್ಮ ಪಾಸ್‌ಪೋರ್ಟಿನ ಬಣ್ಣ ನೋಡಿದ್ರೆ ಇವರ ಹುಬ್ಬು ಮೇಲೇರುತ್ತೆ. ಅದು ಸರಿ. ಒಪ್ಪಿದೆ. ಆದ್ರೆ ಒಂದು ಮಾತು ಕೇಳು, ಇದನ್ನ ಅವರಿಗೆ ಹೇಳೋದು ಬೇಡ, ನಿನಗೇ ಹೇಳ್ತಿದ್ದೀನಿ.

ವೀಸಾ ಬೇಡ ಅಂತ ಎರಡು ಸರ್ಕಾರಗಳೂ ಸೇರಿ ಸಹಿ ಹಾಕಿದ್ದಾವಂತೆ. ಇವತ್ತು ನಿನ್ನೆ ಅಲ್ಲ, ನಾನು ಶಾಲೆ ಬಿಡೋ ಕಾಲಕ್ಕೇ. ಬನ್ನಿ, ತೊಂಬತ್ತು ದಿನ ಇರಿ, ತಿನ್ನಿ, ತಿರುಗಿ, ಹೋಗಿ ಅಂತ. ಕೇಳೋಕೆ ಎಷ್ಟು ಚೆಂದ! ಟೂರಿನೋರು ಅದನ್ನೇ ಕೂಗಿ ಕೂಗಿ ಮಾರಿದ್ರು, "ವೀಸಾ ಇಲ್ಲ, ತಲೆನೋವಿಲ್ಲ!" ವೀಸಾ ಇದ್ದಿದ್ರೆ ಏನಾಗ್ತಿತ್ತು ಗೊತ್ತಾ? ಬ್ಯಾಂಕಾಕಲ್ಲೇ ಯಾರೋ ಒಬ್ಬ ಕಿಟಕಿ ಹಿಂದೆ ಕೂತು "ಆಗಲ್ಲ ಹೋಗಮ್ಮ" ಅಂತಿದ್ದ. ನಾನು ಬೈಕೊಂಡು, ಬಸ್ ಹತ್ತಿ, ಬೆಳಗಾಗೋದ್ರಲ್ಲಿ ಊರು ಸೇರಿ, ಯಾರಿಗೂ ಗೊತ್ತಾಗ್ದ ಹಾಗೆ ಪಪ್ಪಾಯಿ ಕುಟ್ತಾ ಕೂತಿರ್ತಿದ್ದೆ. ಮರ್ಯಾದೆ ಮನೇಲೇ ಇರ್ತಿತ್ತು. ಈಗ ನೋಡು. ಬಾಗಿಲು ತೆಗೆದೇ ಇದೆ ಬಾ ಅಂತ ಕರೆದು, ಇಷ್ಟು ದೂರ ಹಾರಿ ಬಂದು ಹೊಸಿಲ ಮೇಲೆ ಕಾಲಿಟ್ಟ ಮೇಲೆ ದೊಣ್ಣೆ ಅಡ್ಡ ಹಿಡಿದು ಕೇಳೋದು, "ಯಾಕೆ ಬಂದೆ?" ಇದು ಯಾವ ಊರಿನ ನೆಂಟಸ್ತನ?

ಇವರ ಕಡೆಯೋರು ನಮ್ಮಲ್ಲಿಗೆ ಬರಲ್ವಾ? ಬಿಳೀ ಚೆಂಡು, ಉದ್ದ ಕೋಲು ತಗೊಂಡು ಬರ್ತಾರಲ್ಲ, ಟೋಪಿ ಹಾಕ್ಕೊಂಡು? ಅವರ ಕೈ ಯಾರಾದ್ರೂ ತಿರುಗಿಸಿ ನೋಡ್ತಾರಾ?

ನಗಬೇಡ. ಸಾಹೇಬ್ರು ಕೇಳ್ತಿದ್ದಾರೆ ನೋಡು, ಏನು ಮಾತಾಡ್ತಿದ್ದೀರಿ ಅಂತ. ಹೋಟೆಲಿನ ಬಗ್ಗೆ ಅಂತ ಹೇಳು.

ಹೋಟೆಲಿನ ಹೆಸರು? ಬಂದೇಬಿಡ್ತಲ್ಲ! ಗೈಡಮ್ಮನ ಹತ್ರ ಇದೆ. ನನಗೆ ಆ ಹೆಸರು ನಾಲಗೆಗೆ ಕೂರಲ್ಲ. ಹೊರಗೆ ಬೆಂಚಿನ ಮೇಲೆ ಕೆಂಪು ಕೋಟು ಹಾಕ್ಕೊಂಡು ಅಳ್ತಾ ಕೂತಿದ್ದಾಳಲ್ಲ, ಆ ಹುಡುಗಿಗೆ ಎಲ್ಲಾ ಬಾಯಿಗೇ ಬರ್ತಿತ್ತು. ಹೋಟೆಲು, ಬಸ್ ನಂಬರು, ಯಾವ ದಿನ ಯಾವ ಅರಮನೆ. ಏನಾಯ್ತು? ಇಷ್ಟೆಲ್ಲಾ ಗೊತ್ತಿರೋದೇ ಅನುಮಾನ ಅಂದ್ರಂತೆ, ಯಾರೋ ಪಾಠ ಮಾಡಿ ಕಳ್ಸಿದ್ದಾರೆ ಅಂತ. ಲೋಪ್‌ಬುರಿಯಲ್ಲಿ ಸ್ಕೂಲ್ ಟೀಚರಂತೆ ಅವಳು, ನಮ್ಮ ಟೂರಿನೋಳಲ್ಲ. ರಜೆ ಹಾಕಿ, ವರ್ಷಗಟ್ಟಲೆ ಕೂಡಿಟ್ಟು ಬಂದೋಳು. ಇಲ್ಲಿನ ಟೀವಿ ಧಾರಾವಾಹಿಗಳಲ್ಲಿ ಬರೋ ಬೀದಿ ನೋಡ್ಬೇಕು ಅಂತ ಆಸೆ ಅವಳಿಗೆ, ಅಷ್ಟೇ. ಸಂಜೆ ವಿಮಾನಕ್ಕೆ ವಾಪಸ್ ಕಳಿಸ್ತಾರಂತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ. ಇಲ್ಲಿ ಉಳಿದೋರು ಯಾರೋ, ಬರೆ ಅವಳಿಗೆ. ನನ್ನ ಪಕ್ಕ ಕೂತು ಕೇಳಿದ್ಲು, "ಅಮ್ಮಾ, ನಾನು ಏನು ಮಾಡಿದೆ?" ಅಂತ. ನನಗೆ ಅವಳ ಮುಖ ನೋಡೋಕೆ ಆಗ್ಲಿಲ್ಲ.

ಯಾಕೆ ಅಂದ್ರೆ? ಅದಕ್ಕೇನು ಅರ್ಥ? ಪಾಪ ಅನ್ನಿಸ್ತು, ಅದಕ್ಕೆ! ಇನ್ಯಾಕೆ? ನೀನ್ಯಾಕೆ ತಲೆ ಓರೆ ಮಾಡಿ ಹಾಗೆ ನೋಡ್ತೀಯ? ನಾನೇನು ಅವಳ ಚೀಟಿ ಕಿತ್ಕೊಂಡ್ನಾ?

ನೀರು... ಒಂದು ಲೋಟ ನೀರು ಸಿಗುತ್ತಾ?

ಪುಣ್ಯ ಬರ್ಲಿ ನಿನಗೆ.

ಹೂಂ, ಕೇಳ್ಲಿ. ಟೂರಲ್ಲಿ ಏನೇನು ನೋಡ್ತೀನಿ? ಇದು ಗೊತ್ತು ನನಗೆ, ಹೇಳ್ತೀನಿ. ಅರಮನೆ. ಆಮೇಲೆ ನದಿ ಮಧ್ಯ ಮರಗಳ ಸಾಲು ಇರೋ ದ್ವೀಪ. ಆಮೇಲೆ ಹಿಮದ ಗುಡ್ಡ, ಅಲ್ಲಿ ತಟ್ಟೆ ಮೇಲೆ ಕೂತು ಜಾರೋದಂತೆ. ನನ್ನ ಮಂಡಿಗೆ ಅದು ಆಗಲ್ಲ, ನಾನು ನೋಡ್ತೀನಿ ಅಷ್ಟೇ. ಆಮೇಲೆ ಸ್ಟ್ರಾಬೆರಿ ತೋಟ. ನಾವೇ ಕಿತ್ತು ನಾವೇ ತಿನ್ನೋದು. ಪ್ಲಾಸ್ಟಿಕ್ಕಿನ ಗೂಡಾರದ ಒಳಗೆ ಬೆಳೀತಾರಲ್ಲ, ಹೊರಗೆ ಹಿಮ, ಒಳಗೆ ಬೆವರು. ಕೀಳೋದು ಸುಲಭ ಅಲ್ಲ ಅದು, ಬಗ್ಗಿ ಬಗ್ಗಿ ಸೊಂಟಾನೇ ಎರಡಾಗುತ್ತೆ. ಹಣ್ಣಿಗೆ ಉಗುರು ತಾಗಬಾರ್ದು, ತಾಗಿದ್ರೆ ಯಜಮಾನ ಬೈತಾನೆ. ಮಲಗೋದು ಅದರ ಪಕ್ಕದಲ್ಲೇ, ಕಬ್ಬಿಣದ ಡಬ್ಬದಂಥ ಮನೇಲಿ. ಚಳಿಗೆ ನಲ್ಲಿ ಕಟ್ಕೊಳ್ಳುತ್ತೆ, ಬೆಳಿಗ್ಗೆ ಎದ್ದು ಬಿಸಿನೀರು ಹುಯ್ದು ಬಿಡಿಸ್ಬೇಕು. ಅಂಥಾ ಜಾಗದಲ್ಲಿ ರಾತ್ರಿಯೆಲ್ಲಾ ಅತ್ರೆ ಪಕ್ಕದೋರಿಗೆ ಕೇಳದೆ ಇರುತ್ತಾ...

ಅಂದ್ರೆ... ಚಳಿಗೆ. ಚಳಿಗೆ ಅಳೋದು. ದೊಡ್ಡೋರೇ ಅಳ್ತಾರಂತೆ.

ಫೋನಲ್ಲಿ ನೋಡಿದೆ. ವಿಡಿಯೋ. ಬೇಕಾದಷ್ಟು ಬರ್ತಾವಲ್ಲ, ನೀನು ನೋಡಿಲ್ವಾ? ಅದೆಲ್ಲ ಹೇಳ್ಬೇಡ ಅವರಿಗೆ. ಸ್ಟ್ರಾಬೆರಿ ತಿಂತೀನಿ ಅಂತ ಹೇಳು ಸಾಕು... ಏನು ಹೇಳಿದೆ? ಅವರು ಬರ್ಕೊಂಡ್ರಲ್ಲ, ಏನು ಬರ್ಕೊಂಡ್ರು? ಹೇಳಬಾರ್ದಾ? ಆಯ್ತು.

ಮಗಳ ವಿಷಯ ಮತ್ತೆ ಯಾಕೆ? ಹೇಳಿದೆನಲ್ಲ, ಬೇಕರೀಲಿ... ಏನು? ಬಟ್ಟೆ ಅಂಗಡಿ ಅಂದಿದ್ನಾ? ಹೂಂ, ಬಟ್ಟೆ ಅಂಗಡಿನೇ. ಬೇಕರಿ ಮೊದಲು. ಈಗ ಬಟ್ಟೆ. ಮಕ್ಕಳು ಒಂದೇ ಕಡೆ ನಿಲ್ತಾರಾ ತಂಗಿ ಈ ಕಾಲದಲ್ಲಿ? ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ... ಹೆದರಿಕೆಯ ಬೆವರಲ್ಲ ಇದು. ಈ ಕೋಟು ದಪ್ಪ. ಪಕ್ಕದ ಮನೆಯೋಳದು, ಕೇಳಿ ತಂದದ್ದು. ನಿಮ್ಮ ರೂಮು ಬಿಸಿ ಜಾಸ್ತಿ.

ಬ್ಯಾಗಾ? ಯಾಕೆ? ಒಂದು ಸಲ ಯಂತ್ರದೊಳಗೆ ಹಾಕಿ ನೋಡಿದ್ರಲ್ಲ!

ಅಲ್ಲ, ಬೇಡ ಅಂತಲ್ಲ. ತೆಗೀಲಿ. ನಾನೇ ತೆಗೀತೀನಿ. ಹೆಂಗಸಿನ ಬ್ಯಾಗು, ಮೇಲೆಲ್ಲ ಒಳಬಟ್ಟೆ ಇರುತ್ತೆ. ನೀನೇ ನೋಡು ತಂಗಿ, ಅವರಿಗೆ ಅಲ್ಲೇ ಕೂರೋಕೆ ಹೇಳು. ಹೂಂ. ಒಳ್ಳೆಯೋರು. ತಿರುಗಿ ಕೂತ್ರು.

ಇದು ಒಣಮೆಣಸಿನಕಾಯಿ. ಇಲ್ಲಿನ ಊಟ ಸಪ್ಪೆ ಅಂತಾರೆ, ಅದಕ್ಕೆ. ಇದು ನನ್ನ ಮಂಡಿ ಎಣ್ಣೆ. ಇದು ಬುದ್ಧನ ಪಟ, ಅದನ್ನ ಕೆಳಗಿಡ್ಬೇಡ, ಮೇಲಿಡು. ಆ ಬಟ್ಟೆಗಳಾ... ಅವು ಹಳೇ ಲುಂಗಿ, ನಾನು ಉಟ್ಟು ಉಟ್ಟು ಮೆತ್ತಗಾಗಿದ್ದು. ಕತ್ತರಿಸಿ ಚೌಕ ಚೌಕ ಮಾಡ್ಕೊಂಡಿದ್ದೀನಿ. ಕುತ್ತಿಗೆಗೆ ಸುತ್ಕೊಳ್ಳೋಕೆ. ಚಳಿಗೆ. ಅಷ್ಟೊಂದ್ಯಾಕೆ ಅಂದ್ರೆ... ಒಂದು ಕೊಳೆಯಾದ್ರೆ ಇನ್ನೊಂದು. ಚಿಕ್ಕದಾಯ್ತಾ? ಕುತ್ತಿಗೆಗೆ ಸಾಕು. ಅಂಚು ಹೊಲಿದಿಲ್ಲ ಯಾಕೆ ಅಂತಾನಾ? ಹೊಲಿದ್ರೆ ಒತ್ತುತ್ತೆ, ಚರ್ಮ ಕೆಂಪಾಗುತ್ತೆ... ನನ್ನ ಚರ್ಮ. ನನ್ನ ಚರ್ಮ ಸೂಕ್ಷ್ಮ.

ಆ ಗಂಟು ಬಿಚ್ಚಬೇಡ. ಅದು ಬೇರು. ಮಂಡಿ ನೋವಿಗೆ. ಕಾಡುಶುಂಠಿ, ಇನ್ನೂ ಏನೇನೋ, ಕುದಿಸಿ ಕುಡಿಯೋದು. ಗಿಡಮೂಲಿಕೆ ತರಬಾರ್ದು ಅಂತಿದ್ರೆ ಎಸೆದುಬಿಡಿ, ಈಗಲೇ ಎಸೀರಿ, ನಂದೇನೂ ತಕರಾರಿಲ್ಲ. ಮೂಸಬೇಡ ಅದನ್ನ. ತಂಗಿ... ಮೂಸಬೇಡ. ಅದೇನು ಹೂವಾ?

...

ಯಾಕೆ ಮತ್ತೆ ಮೂಸಿದೆ?

ಸಾಹೇಬ್ರು ಕೇಳ್ತಿದ್ದಾರೆ ನೋಡು. ತಿರುಗಿ ಕೂತು, ಪೆನ್ನು ಹಿಡ್ಕೊಂಡು ಕಾಯ್ತಿದ್ದಾರೆ. ಹೇಳು ಅವರಿಗೆ. ಮಂಡಿ ನೋವಿಗೆ ಅಂತ ಹೇಳು. ಒಂದು ಮಾತು, ಅಷ್ಟೇ. ಯಾಕೆ ಆ ಗಂಟನ್ನ ಮೂಗಿನ ಹತ್ರಾನೇ ಹಿಡ್ಕೊಂಡಿದ್ದೀಯ?

ನಾನು ನಗ್ತಾ ಮಾತಾಡ್ತೀನಿ, ನೀನು ಮುಖ ಹಾಗೆ ಮಾಡ್ಬೇಡ. ಅವರಿಗೆ ಅನುಮಾನ ಬರುತ್ತೆ. ಹಿಮದ ಬಗ್ಗೆ ಮಾತಾಡ್ತಿದ್ದೀವಿ ಅಂದ್ಕೊಳ್ಳಲಿ. ನೋಡು, ಹಲ್ಲು ಬಿಟ್ಟು ನಗ್ತಿದ್ದೀನಿ. ಆ ವಾಸನೆ ನಿನಗೆ ಗೊತ್ತು. ಯಸೋತೋನ್‌ನಲ್ಲಿ ಹುಟ್ಟಿದೋಳಿಗೆ ಗೊತ್ತಿಲ್ದೆ ಇರುತ್ತಾ? ಮನೆ ಮೂಲೇಲಿ ಬೆಂಕಿ, ಪಕ್ಕದಲ್ಲಿ ಬಿದಿರಿನ ಮಂಚ, ಮಂಚದ ಮೇಲೆ ಆಗಷ್ಟೇ ಹೆತ್ತ ಅಕ್ಕನೋ ಅತ್ತಿಗೆನೋ, ಮಡಕೇಲಿ ಇದೇ ಬೇರು ಕುದೀತಿರುತ್ತೆ. ಯಾರ ಮಂಡಿ ನೋವಿಗೂ ಅಲ್ಲ.

ಹೂಂ. ಗಂಟನ್ನ ಮೆಲ್ಲಗೆ ಕೆಳಗಿಟ್ಟೆ. ಅಂದ್ರೆ ನಿನಗೆ ಗೊತ್ತಾಯ್ತು.

ಹೇಳ್ಬೇಡ. ನಿನ್ನ ಕಾಲು ಹಿಡಿದೆ ಅಂದ್ಕೋ. ಹೇಳಿದ್ರೆ ಮೊದಲನೇ ಪ್ರಶ್ನೆ, ಮಗಳು ಎಲ್ಲಿದ್ದಾಳೆ? ಅವಳನ್ನ ಹಿಡ್ಕೊಂಡು ಹೋಗ್ತಾರೆ. ಹಸಿ ಮೈ, ತಂಗಿ. ಇನ್ನೂ ಹಸಿ ಮೈ ಅವಳದು. ಹೆತ್ತ ಮೇಲೆ ಸರಿಯಾಗಿ ಮಲಗಿದ್ದೂ ಇಲ್ಲ, ಮತ್ತೆ ಬಗ್ಗಿ ಹಣ್ಣು ಕೀಳೋಕೆ ಹೋಗಿದ್ದಾಳೆ. ಬಾ ಊರಿಗೆ ಅಂದ್ರೆ, "ಅಮ್ಮಾ, ಅಪ್ಪನ ಕಾಯಿಲೆಗೆ ಅಡ ಇಟ್ಟ ಮನೆ ಬಿಡಿಸಿಕೊಂಡು ಬರ್ತೀನಿ" ಅಂತಾಳೆ. ಒಂದು ಸಲ ಈ ಬಾಗಿಲಿಂದ ಆಚೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ ಅಂತ ಅವಳಿಗೂ ಗೊತ್ತು. ಕೂಸನ್ನ ಕಟ್ಕೊಂಡು ಕೆಲಸ ಮಾಡೋಕೆ ಯಜಮಾನ ಬಿಡ್ತಾನಾ? ಅತ್ರೆ ಯಾರಾದ್ರೂ ಪೊಲೀಸರಿಗೆ ಹೇಳ್ತಾರೆ ಅಂತ ರಾತ್ರಿಯೆಲ್ಲಾ ಬಾಯಿಗೆ ಮೊಲೆ ಕೊಟ್ಕೊಂಡೇ ಕೂತಿರ್ತಾಳಂತೆ. ದೆವ್ವದ ಹೊಟ್ಟೇಲಿ ಹುಟ್ಟಿದ್ದು ಅಳೋದೂ ತಪ್ಪು.

ನಗು ತಂಗಿ. ಸ್ವಲ್ಪ ನಗು. ಅವರು ನೋಡ್ತಿದ್ದಾರೆ.

ನಾನು ಸುಳ್ಳು ಹೇಳಿದೆ, ಹೂಂ. ಆದ್ರೆ ಒಂದು ಮಾತು ಸುಳ್ಳಲ್ಲ, ನಾನು ವಾಪಸ್ ಹೋಗ್ತೀನಿ. ಆ ಟೂರಲ್ಲಿ ಯಾರು ಹೋದ್ರೂ ಹೋಗ್ದೇ ಇದ್ರೂ ನಾನು ಹೋಗೇ ಹೋಗ್ತೀನಿ. ಕೂಸಿಗೆ ಪಾಸ್‌ಪೋರ್ಟು ಇಲ್ಲಿರೋ ನಮ್ಮ ದೇಶದ ಕಚೇರಿಯೋರೇ ಮಾಡ್ಕೊಟ್ಟಿದ್ದಾರೆ. ಕಳ್ಳತನ ಅಲ್ಲ, ಮುಚ್ಚಿಟ್ಟು ಒಯ್ಯೋದಲ್ಲ. ಟೂರಿನೋರು ಮಾರ್ಕೆಟ್ಟು ತೋರಿಸೋ ದಿನ ಅವಳು ತಂದು ನನ್ನ ಕೈಗೆ ಕೊಡ್ತಾಳೆ, ನಾನು ಎದೆಗೆ ಕಟ್ಕೊಂಡು ವಿಮಾನ ಹತ್ತೋದು. ಅಷ್ಟೇ. ಅಷ್ಟಕ್ಕೇ ಬಂದದ್ದು. ಇವರ ದೇಶದಲ್ಲಿ ಒಬ್ಬರು ಕಡಿಮೆ ಆಗ್ತಾರೆ, ಜಾಸ್ತಿ ಆಗಲ್ಲ. ಆದ್ರೆ ಇದನ್ನ ಹೇಳೋ ಹಾಗಿಲ್ಲ. ಹಿಮ ನೋಡೋಕೆ ಬಂದೆ ಅಂದ್ರೆ ಬಿಡ್ತಾರೆ, ಮೊಮ್ಮಗು ನೋಡೋಕೆ ಬಂದೆ ಅಂದ್ರೆ ಬಿಡಲ್ಲ.

ಆ ಟೀಚರಮ್ಮನ ಮುಖ ಯಾಕೆ ನೋಡೋಕೆ ಆಗ್ಲಿಲ್ಲ ಅಂತ ಕೇಳಿದ್ಯಲ್ಲ ಕಣ್ಣಲ್ಲೇ. ಈಗ ಗೊತ್ತಾಯ್ತಾ? ಅವಳು ಪಕ್ಕದಲ್ಲಿ ಕೂತು ಅಳ್ತಿದ್ಲು, ಆ ಅಳುವಿಗೆ ಕಾರಣ ಆದೋರಲ್ಲಿ ನನ್ನ ಮಗಳೂ ಒಬ್ಬಳು. ಅವಳಿಗೆ ನಾನು ಏನಂತ ಹೇಳ್ಲಿ? ಕ್ಷಮಿಸು ಅನ್ಲಾ?

ಕೇಳು... ಮತ್ತೆ ಅದೇ ಪದ. ಸಾಹೇಬ್ರು ಮತ್ತೆ ಕೇಳಿದ್ರು, ಕಾಜೊಕ್. ಮೂರನೇ ಸಲ. ಮೇಜು ಕುಟ್ತಿದ್ದಾರೆ. ಇದೇ ಕೊನೇದು ಅಲ್ವಾ? ಕೇಳು ನನ್ನ, ಕೇಳು ಬೇಗ, ಉತ್ತರ ಹೇಳ್ತೀನಿ, ಇಲ್ಲ ಅಂತ...

ಅರೆ! ನನ್ನ ಕೇಳಲೇ ಇಲ್ಲ ನೀನು. ನೀನೇ ಹೇಳಿದೆ. ಏನು ಹೇಳಿದೆ?

ಏನು ಹೇಳಿದೆ ತಂಗಿ? ನನ್ನ ಕಡೆ ನೋಡು. ಅದೆಷ್ಟು ಉದ್ದ ಹೇಳಿದೆ! ನನ್ನ ಇಡೀ ಬೆಳಗಿನ ಮಾತಿಗೆ ಎರಡೆರಡೇ ಪದ ಹಾಕ್ತಿದ್ದೋಳು, ಈಗ ಇಷ್ಟುದ್ದ... ಹೇಳಿಬಿಟ್ಯಾ? ಎಲ್ಲಾ ಹೇಳಿಬಿಟ್ಯಾ? ಅಯ್ಯೋ ನನ್ನ ಬಾಯೇ, ಅಯ್ಯೋ ನನ್ನ ಹಾಳು ಬಾಯೇ...

ಮಂಡಿ ಯಾಕೆ ತೋರಿಸ್ತಿದ್ದಾರೆ ಸಾಹೇಬ್ರು? ತಮ್ಮ ಮಂಡಿ ಮುಟ್ಕೊಂಡು ಏನೋ ಅಂತಿದ್ದಾರೆ. ಏನಂತೆ? ಅವರಮ್ಮನಿಗೂ ಮಂಡಿ ನೋವಾ?

ಮಂಡಿ ಅಂತ ಹೇಳಿದ್ಯಾ ನೀನು?

ನೀನು... ಯಾವಾಗಿಂದ ನಿಲ್ಲಿಸಿದೆ ನನ್ನ ಮಾತು ಅವರಿಗೆ ಹೇಳೋದನ್ನ? ಸ್ಟ್ರಾಬೆರಿ ಮಾತು ಬಂದಾಗಲೇನಾ? ಅದಕ್ಕೂ ಮುಂಚೆನಾ? ನಾನು ಒಂದು ಹೇಳ್ತಿದ್ದೆ, ನೀನು ಇನ್ನೊಂದು ಹೇಳ್ತಿದ್ದೆ, ನಾನು ಪೆದ್ದಿ... ಗೊತ್ತಾದ್ರೆ ನಿನ್ನ ಕೆಲಸ ಹೋಗಲ್ವಾ? ನಿನಗೆ ನಾನು ಯಾರು? ಒಂದೇ ಜಿಲ್ಲೇನೂ ಅಲ್ಲ.

ನಿನಗೆ ಮಕ್ಕಳಿದ್ದಾರಾ?

ಇಲ್ಲೇ ಆಯ್ತಾ, ಈ ದೇಶದಲ್ಲಿ? ಆಗ ಯಾರಿದ್ರು ಪಕ್ಕದಲ್ಲಿ? ಬೆಂಕಿ ಯಾರು ಹಾಕಿದ್ರು? ಬೇರು ಯಾರು ಕುದಿಸಿ ಕೊಟ್ರು? ನಿಮ್ಮಮ್ಮ ಬಂದ್ರಾ?

...

ಬರೋಕೆ ಆಗ್ಲಿಲ್ವಾ. ಈ ಬಾಗಿಲ ತನಕ ಬಂದ್ರಾ? ಬಂದು, ಇಲ್ಲಿಂದಾನೇ...

ಬೇಡ, ಬೇಡ, ಕೇಳಲ್ಲ. ಕಣ್ಣು ಒರೆಸ್ಕೋ. ಮೂಗಿಗೆ ಖಾರ ಹತ್ತಿತು ಅಂತ ಹೇಳು ಅವರಿಗೆ, ಮೆಣಸಿನಕಾಯಿ ಮುಟ್ಟಿದ್ಯಲ್ಲ.

ಇದು ಚೀಟಿನಾ? ನನ್ನ ಹೆಸರಾ ಇದರಲ್ಲಿ? ಹೋಗಬಹುದಾ? ಹೋಗು ಅಂತಿದ್ದಾರಾ ಸಾಹೇಬ್ರು? ಏನು, ಏನಂದ್ರು ಈಗ? ಗುಡ್ಡದ ಕಡೆ ಚಳಿ ಜಾಸ್ತಿ, ಟೋಪಿ ಹಾಕ್ಕೊಳ್ಳಿ ಅಂತಾನಾ? ಹೂಂ, ಹಾಕ್ಕೋತೀನಿ ಅಂತ ಹೇಳು. ಇವರ ಅಮ್ಮನ ಮಂಡಿ ಬೇಗ ವಾಸಿಯಾಗ್ಲಿ ಅಂತಾನೂ ಹೇಳು. ಇದನ್ನ ಪೂರ್ತಿ ಹೇಳು, ಎರಡು ಮಾತಲ್ಲಿ ಮುಗಿಸ್ಬೇಡ.

ಬಿಡು, ಬ್ಯಾಗು ನಾನೇ ಕಟ್ಕೋತೀನಿ. ಆಯ್ತು, ನೀನೇ ಮಡಿಚು. ಎಷ್ಟು ನಾಜೂಕಾಗಿ ಮಡಿಚ್ತೀಯ ಆ ಚೌಕಗಳನ್ನ... ಒಂದು ಇಟ್ಕೋತೀಯಾ? ಬೇಡ್ವಾ? ಸರಿ.

ಹೊರಟೆ. ಆ ಟೀಚರಮ್ಮನ ಎದುರೇ ಹಾದು ಹೋಗ್ಬೇಕಲ್ಲ ನಾನೀಗ, ಈ ಚೀಟಿ ಹಿಡ್ಕೊಂಡು. ತಲೆ ಬಗ್ಗಿಸ್ಕೊಂಡು ಹೋಗ್ತೀನಿ. ಅವಳಿಗೆ ಕುಡಿಯೋಕೆ ಏನಾದ್ರೂ ಬಿಸಿಯಾದ್ದು ಕೊಡ್ಸು ತಂಗಿ, ಬೆಳಗಿಂದ ಏನೂ ತಿಂದಿಲ್ಲ ಅವಳು.

ಬಾಗಿಲು ಈ ಕಡೆನಾ? ಬರ್ತೀನಿ.

ತಂಗಿ... ಇಷ್ಟೆಲ್ಲಾ ಆಯ್ತು, ಗಂಡೋ ಹೆಣ್ಣೋ ಅಂತ ಒಂದು ಮಾತು ಕೇಳಲೇ ಇಲ್ಲ ನೀನು. ಹೆಣ್ಣು. ಹೆಣ್ಣು ಕಣೇ.